ಮುನ್ನೂರ ನಾಲ್ಕನೇ ಮನೆಯ ನೆಲ

ಗಾಳಿ ಎದ್ದರೆ ಆರನೇ ಮಹಡಿಯ ತಗಡು ಬಡಿದುಕೊಳ್ಳುತ್ತದೆ. ಮೊದಲು ಸಣ್ಣದಾಗಿ ಕಿರ್ ಎನ್ನುತ್ತದೆ, ಯಾರೋ ಹಳೆಯ ಕುರ್ಚಿಯಿಂದ ಏಳಲು ಹವಣಿಸುತ್ತಿರುವಂತೆ. ಆಮೇಲೆ ಧಡ್. ಸ್ವಲ್ಪ ಹೊತ್ತು ಏನೂ ಇಲ್ಲ. ಇನ್ನೇನು ನಿಂತಿತು ಅಂದುಕೊಳ್ಳುವಾಗ ಮತ್ತೆ ಧಡ್. ಕೆಲಸ ನಿಂತ ದಿನ ಯಾರೋ ಅದನ್ನು ಕಿಟಕಿಯ ಬಾಯಿಗೆ ಅಡ್ಡ ಇಟ್ಟು ಮೂರು ಮೂಲೆಗೆ ಮೊಳೆ ಹೊಡೆದಿದ್ದರು. ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ಕಂಪನಿಯೇ ಮುಳುಗಿತ್ತು.

ಕೆಳಗೆ, ಅದೇ ಕಟ್ಟಡದ ನೆಲಮಹಡಿಯಲ್ಲಿ, ಮೇಸ್ತ್ರಿಗೆ ಎಚ್ಚರವಾಗುವುದು ಈಗ ಆ ಸದ್ದಿಗೆ.

"ಏಳಿ, ನಿಮ್ಮ ಬಂಗಲೆ ಕರೀತಿದೆ," ಎಂದಳು ಹೆಂಡತಿ. ಅವಳು ಆಗಲೇ ಎರಡು ಕೊಡ ನೀರು ಹೊತ್ತು ತಂದಾಗಿತ್ತು.

ಅವರಿರುವುದು ಮಾದರಿ ಮನೆಯಲ್ಲಿ. ಮಾದರಿ ಮನೆಯೆಂದರೆ ಕೊಳ್ಳಲು ಬಂದವರಿಗೆ ತೋರಿಸಲೆಂದು ಎಲ್ಲಕ್ಕಿಂತ ಮೊದಲು ಮುಗಿಸಿ, ಸಿಂಗರಿಸಿ ಇಟ್ಟ ಮನೆ. ಅಲ್ಲಿ ಬಾಳುವಂತಿಲ್ಲ, ನೋಡಬೇಕು ಅಷ್ಟೇ. ಅಡುಗೆಮನೆಯ ನಲ್ಲಿ ಫಳಫಳ ಹೊಳೆಯುತ್ತದೆ, ಅದರ ಹಿಂದೆ ಕೊಳವೆ ಇಲ್ಲ. ಗೋಡೆಯ ತುಂಬ ಸ್ವಿಚ್ಚುಗಳಿವೆ, ಅರ್ಧಕ್ಕರ್ಧ ತಂತಿಯಿಲ್ಲದವು. ಊಟದ ಮೇಜಿನ ಮೇಲೆ ಒಂದು ಬುಟ್ಟಿ ಪ್ಲಾಸ್ಟಿಕ್ ಹಣ್ಣು. ಮಂಚ, ಮೇಜು, ಕುರ್ಚಿ ಎಲ್ಲವೂ ಒಂದು ಗೇಣು ಕಡಿಮೆ ಅಳತೆಯವು. ಕೋಣೆ ದೊಡ್ಡದಾಗಿ ಕಾಣಲೆಂದು ಬಡಗಿಗೆ ಹೇಳಿ ಹಾಗೆ ಮಾಡಿಸಿದ್ದು. ಮಂಚದ ಮೇಲೆ ಮಲಗಿದರೆ ಮೇಸ್ತ್ರಿಯ ಪಾದಗಳು ಹೊರಗೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಈ ಹಾಸಿಗೆ ನೋಡೇ ಹೇಳಿರ್ಬೇಕು," ಎಂದು ಹೆಂಡತಿ ಮೊದಲ ವಾರ ನಕ್ಕಿದ್ದಳು. ಈಗ ನಗುವುದಿಲ್ಲ. ಕಾಲು ಮಡಚಿ ಮಲಗುವುದು ಇಬ್ಬರಿಗೂ ರೂಢಿಯಾಗಿಬಿಟ್ಟಿದೆ.

ಅವನು ಟೈಲ್ಸ್ ಕೂರಿಸುವವನು. ಮೂವತ್ತೊಂದು ವರ್ಷ ಮೊಣಕಾಲ ಮೇಲೆಯೇ ಬದುಕಿದವನು. ಅವನ ಮೊಣಕಾಲ ಚಿಪ್ಪಿನ ಮೇಲಿನ ಚರ್ಮ ಒಣಗಿದ ತೊಗಲಿನಂತೆ ಕಪ್ಪಾಗಿ ದಪ್ಪಗಾಗಿತ್ತು. ಕಟ್ಟಡದ ಕೆಲಸಗಾರರ ನಡುವೆ ಅವನಿಗೆ ಟಕ್‌ಟಕ್ ಮೇಸ್ತ್ರಿ ಎಂದು ಹೆಸರು. ನೆಲ ಹಾಸಿ ಎರಡು ದಿನ ಒಣಗಲು ಬಿಟ್ಟು, ಮೂರನೆಯ ದಿನ ಗಾರೆ ಬಳಿಯುವ ಕರಣೆಯನ್ನು ತಿರುಗಿಸಿ ಹಿಡಿದು, ಮರದ ಹಿಡಿಯಿಂದ ಒಂದೊಂದು ಬಿಲ್ಲೆಯನ್ನೂ ನಾಲ್ಕು ಮೂಲೆಗೆ ಬಡಿಯುತ್ತ ಹೋಗುತ್ತಿದ್ದ. ಅಡಿಯಲ್ಲಿ ಗಾರೆ ತುಂಬಿಕೊಂಡಿದ್ದರೆ ಸದ್ದು ಗಟ್ಟಿ. ಎಲ್ಲೋ ಒಂದು ಕಡೆ ಗಾಳಿ ಉಳಿದಿದ್ದರೆ ಟೊಳ್ಳು. ಟೊಳ್ಳು ಕೇಳಿತೋ, ಮನೆಯವರು ಬೇಡ ಬೇಡ ಅಂದರೂ ಅಲ್ಲೇ ಒಡೆದು ತೆಗೆದು ಬೇರೆ ಕೂರಿಸುತ್ತಿದ್ದ. "ಇವತ್ತು ನಿಮಗೆ ಕೇಳಿಸಲ್ಲ. ಹತ್ತು ವರ್ಷದ ಮೇಲೆ ಒಂದು ದಿನ ಕೈ ಜಾರಿ ಪಾತ್ರೆ ಬಿದ್ದಾಗ ಕೇಳ್ಸತ್ತೆ," ಎನ್ನುವನು.

ಅವನ ಬಲಗೈಯೆಂದರೆ ಹೆಂಡತಿಯ ತಮ್ಮ. ಮದುವೆಯಾದ ಹೊಸದರಲ್ಲಿ ಅಕ್ಕನನ್ನು ನೋಡಲು ಬಂದವನು ಭಾವನ ಜೊತೆ ಕೆಲಸಕ್ಕೆ ಹೋಗಿ, ಹಾಗೆಯೇ ಇಪ್ಪತ್ತಾರು ವರ್ಷ ಉಳಿದುಬಿಟ್ಟ. ಮಾತು ಕಡಿಮೆ, ಕೈ ಚುರುಕು. ಒಡೆದು ಮಿಕ್ಕ ಚೂರುಗಳನ್ನು ಎಸೆಯಲು ಅವನಿಗೆ ಮನಸ್ಸು ಬಾರದು. ಕತ್ತರಿಸಿ, ಉಜ್ಜಿ, ಬಣ್ಣ ಹೊಂದಿಸಿ ಕಿಟಕಿಯ ಕೆಳಗೋ ಬಾಗಿಲ ಬಳಿಯೋ ಎರಡು ಬೆರಳಗಲದ ಒಂದು ಪಟ್ಟಿ ಮಾಡಿಬಿಡುತ್ತಿದ್ದ. ಕೂಲಿಗೆ ಸೇರದ ಕೆಲಸ ಅದು. "ನಿನಗೆ ಬೇರೆ ಕಸುಬಿಲ್ವೇನೋ," ಎಂದು ಮೇಸ್ತ್ರಿ ಬೈಯುತ್ತಿದ್ದ, ಆಮೇಲೆ ಮನೆಯವರನ್ನು ಕರೆದು ಅದನ್ನೇ ಮೊದಲು ತೋರಿಸುತ್ತಿದ್ದ.

ಹೀಗೆ ಇದ್ದವರು ಹೀಗೆಯೇ ಇರಬಹುದಿತ್ತು. ಆದರೆ ಏಳು ವರ್ಷದ ಕೆಳಗೆ ಬಿಲ್ಡರು ಬಾಕಿ ಕೊಡದೆ ಸತಾಯಿಸಿ, ಕೊನೆಗೆ ಒಂದು ದಿನ ಮೇಸ್ತ್ರಿಯನ್ನು ಒಳಗೆ ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿದ. ಅಲ್ಲಿಯವರೆಗೆ ಆ ಆಫೀಸಿನಲ್ಲಿ ಮೇಸ್ತ್ರಿ ಕೂತವನೇ ಅಲ್ಲ.

"ದುಡ್ಡು ಕೊಟ್ಟರೆ ತಿಂಗಳಲ್ಲಿ ಕರಗತ್ತೆ ಮೇಸ್ತ್ರಿ. ಮನೆ ಕೊಡ್ತೀನಿ. ಕೂತಲ್ಲೇ ಬೆಳೆಯತ್ತೆ. ನೀನು ಹಾಕಿದ ನೆಲದ ಮೇಲೆ ನೀನೇ ಯಜಮಾನ ಆಗು."

ಬಾಕಿ ಕೂಲಿಯ ಬದಲು ಒಂದು ಮನೆ. ಮೇಸ್ತ್ರಿ ಹೆದರುತ್ತಲೇ ಒಪ್ಪಿದ. ನಾಲ್ಕು ತಿಂಗಳಿಗೆ ಅದನ್ನು ಬಿಲ್ಡರೇ ಇನ್ನೊಬ್ಬರಿಗೆ ಮಾರಿಸಿಕೊಟ್ಟು, ಕೂಲಿಯ ಮೇಲೆ ಅದರ ಅರ್ಧದಷ್ಟು ಹೆಚ್ಚಿಗೆ ಕೈಗಿಟ್ಟ. ಆ ರಾತ್ರಿ ಮೇಸ್ತ್ರಿ ಹೆಂಡತಿಗೆ, "ಇಪ್ಪತ್ತೈದು ವರ್ಷ ನೆಲ ಉಜ್ಜಿ ಕಾಣದ್ದನ್ನ ನಾಲ್ಕು ತಿಂಗಳು ಸುಮ್ಮನೆ ಕೂತು ಕಂಡೆ ಕಣೇ," ಎಂದ. ಅವಳು, "ಸುಮ್ಮನೆ ಕೂತು ಬಂದದ್ದು ಸುಮ್ಮನೆ ಎದ್ದೂ ಹೋಗತ್ತೆ," ಎಂದಳು. ಅವನು ಅದನ್ನು ಹೆಂಗಸರ ಮಾತು ಅಂದುಕೊಂಡ.

ಮೂಗಿಗೆ ಸವರಿದ ತುಪ್ಪದ ವಾಸನೆ ಬಹಳ ದಿನ ಇರುತ್ತದೆ. ಮುಂದಿನ ಕಟ್ಟಡ, ಈಗಿನ ಈ ಆರು ಮಹಡಿಯದು, ಶುರುವಾದಾಗ ಎಲ್ಲರದೂ ಅದೇ ಕತೆ. ವೈರಿಂಗಿನವನಿಗೆ ಎರಡು ಮನೆ, ಪೈಪಿನವನಿಗೆ ಒಂದು, ಮರಳು ಹಾಕುವವನಿಗೆ ಮುಂದುಗಡೆ ಒಂದು ಅಂಗಡಿ. ಎದುರಿನ ಚಹಾದ ಗೂಡಿನಲ್ಲಿ ಎಲ್ಲ ಸೇರಿ, ಬಸ್ಸಿನಲ್ಲಿ ಸೀಟು ಹಿಡಿದವರಂತೆ, "ನಂದು ಎರಡನೇ ಮಹಡಿ, ಕಿಟಕಿ ಪಕ್ಕ," ಎಂದು ಮಾತಾಡುತ್ತಿದ್ದರು.

"ಮಾಲೀಕರೆಲ್ಲ ಸೇರಿ ಚಹಾದ ಲೆಕ್ಕ ಚುಕ್ತಾ ಮಾಡಿ ಸ್ವಾಮಿ," ಎನ್ನುವನು ಗೂಡಿನವನು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆರು ಮಹಡಿ ಮಲ್ಲಿಗೆ!"

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮೇಸ್ತ್ರಿಯೇ. ಅವನು ಮೂರು ಮನೆ ಬರೆಸಿಕೊಂಡಿದ್ದ. ಎರಡು ಮಾರಲು, ಮೂರನೇ ಮಹಡಿಯ ಮುನ್ನೂರ ನಾಲ್ಕನೇ ನಂಬರಿನದು ಮೈದುನನಿಗೆ.

ಆದರೆ ಮನೆಯನ್ನು ಕತ್ತರಿಸಿ ಶನಿವಾರದ ಕೂಲಿ ಹಂಚಲಾಗುವುದಿಲ್ಲ. ಅವನ ಕೈಕೆಳಗೆ ಒಂಬತ್ತು ಜನ. ಅವರಿಗೆ ನಗದು ಬೇಕು. ಮೊದಲು ಉಳಿತಾಯ ಹೋಯಿತು. ಆಮೇಲೆ ತನ್ನ ಎರಡು ಕೋಣೆಯ ಮನೆಯನ್ನು ಬ್ಯಾಂಕಿಗೆ ಅಡವಿಟ್ಟ. ಅದೂ ಸಾಲದಾದಾಗ, ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತ ಮೈದುನನೇ ಹೇಳಿದ:

"ಭಾವ, ನನ್ನ ಮನೆ ಮಾರಿಬಿಡ್ಲಾ?"

"ಹುಚ್ಚು ಹಿಡೀತೇನೋ?"

"ಒಂದೇ ಕೋಣೆ ತಾನೇ. ಹೇಗಿದ್ರೂ ಮುನ್ನೂರ ನಾಲ್ಕು ನಂದೇ ಅಂದಿದ್ದೀರಲ್ಲ. ಒಂದು ವರ್ಷ ಬಾಡಿಗೆಗೆ ಇದ್ರಾಯ್ತು."

ಬೇಡ ಎಂದು ಹೇಳಲು ಮೇಸ್ತ್ರಿಗೆ ಒಂದು ಗಳಿಗೆ ಇತ್ತು. ಅದು ಅವನಿಗೆ ಈಗಲೂ ಚೆನ್ನಾಗಿ ನೆನಪಿದೆ. ಮೈದುನನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೋಡು, ನಿನ್ನಿಷ್ಟ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಮರುವಾರ ಮೈದುನ ಹಣ ತಂದುಕೊಟ್ಟ, ಬಟ್ಟೆಯ ಚೀಲದಲ್ಲಿ. ಅದರಿಂದ ಐದು ತಿಂಗಳು ಒಂಬತ್ತು ಜನರ ಮನೆಯ ಒಲೆ ಉರಿಯಿತು.

ಮುನ್ನೂರ ನಾಲ್ಕರ ನೆಲವನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ಭಾವ ಮೈದುನ ಇಬ್ಬರೇ ಹಾಕಿದರು. ಹಾಲುಬಣ್ಣದ ಬಿಲ್ಲೆ. ಕಿಟಕಿಯ ಕೆಳಗೆ ಕಡುಗೆಂಪು ಚೂರುಗಳ ಪಟ್ಟಿ. ಅದು ಮೂಲೆಯಲ್ಲಿ ತಿರುಗಿ, ಬಾಗಿಲವರೆಗೆ ಹರಿದು, ಹೊಸ್ತಿಲ ಬಳಿ ಒಂದು ಸಣ್ಣ ಎಲೆಯಾಗಿ ನಿಲ್ಲುತ್ತಿತ್ತು. ಮೂರನೆಯ ದಿನ ಟಕ್‌ಟಕ್ ಮಾಡಿ ನೋಡಿದಾಗ ಒಂದೂ ಟೊಳ್ಳಿಲ್ಲ. ಮೈದುನನ ಹೆಂಡತಿ ಬಂದು ಬರಿಗಾಲಲ್ಲಿ ಒಂದು ಸುತ್ತು ನಡೆದು, "ತಣ್ಣಗಿದೆ," ಎಂದಳು. ಅಷ್ಟೇ.

ಕಂಪನಿ ದಿವಾಳಿಯೆದ್ದದ್ದು ಅದಾಗಿ ಎರಡು ತಿಂಗಳಿಗೆ. ಬಿಲ್ಡರು ಎಲ್ಲೂ ಓಡಿಹೋಗಲಿಲ್ಲ. ಪಾಪರ್ ಆದೆನೆಂದು ಕೋರ್ಟಿಗೆ ಬರೆದುಕೊಟ್ಟು ತನ್ನ ಮನೆಯಲ್ಲೇ ಕೂತ. ಮನೆ ಹೆಂಡತಿಯ ಹೆಸರಿನಲ್ಲಿತ್ತು. ಮೇಸ್ತ್ರಿಯ ಎರಡು ಕೋಣೆಯ ಮನೆಗೆ ಬ್ಯಾಂಕಿನವರು ಬೀಗ ಹಾಕಿದರು. ಸಂಬಳವಿಲ್ಲದೆ ಬಿಟ್ಟುಹೋಗುತ್ತಿದ್ದ ಕಾವಲುಗಾರ ಮಾದರಿ ಮನೆಯ ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟು, "ನಿಮ್ಮದೇ ಮೂರು ಮನೆ ಇದೆಯಲ್ಲ, ನೀವೇ ಕಾಯ್ಕೊಳ್ಳಿ," ಎಂದ. ಒಂಬತ್ತು ಜನ ಚದುರಿ ಹೋದರು. ಮೈದುನ ಇನ್ನೊಬ್ಬ ಮೇಸ್ತ್ರಿಯ ಕೆಳಗೆ ದಿನಗೂಲಿಗೆ ಸೇರಿದ.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಗೇಟಿಗೆ ಒಂದು ನೋಟೀಸು ಅಂಟಿತು. ಕೋರ್ಟು ನೇಮಿಸಿದ ಅಧಿಕಾರಿಯೊಬ್ಬರು ಕಂಪನಿಯ ಲೆಕ್ಕ ಇತ್ಯರ್ಥ ಮಾಡುತ್ತಾರೆ, ಯಾರಿಗೆ ಏನು ಬರಬೇಕೋ ಕಾಗದಪತ್ರ ತೆಗೆದುಕೊಂಡು ಬನ್ನಿ ಎಂದು. ತಗಡು ಬಡಿಯುತ್ತಿದ್ದ ಈ ಬೆಳಿಗ್ಗೆಯೇ ಅದರ ದಿನ.

ಮೇಸ್ತ್ರಿ ಹೊರಡುವಾಗ ಮೈದುನ ಗೇಟಿನ ಹತ್ತಿರ ನಿಂತಿದ್ದ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ.

"ನಾನೂ ಬರ್ಲಾ ಭಾವ?"

"ನೀನ್ಯಾಕೆ? ಕಾಗದ ಎಲ್ಲ ನನ್ನ ಹತ್ರಾನೇ ಇದೆ."

"ಹ್ಞೂಂ." ಗೇಟು ತೆರೆದು ಹಿಡಿದು, "ಬೀಗದ ಕೈ ಯಾವತ್ತು ಕೊಡ್ತಾರೆ ಅಂತ ಒಂದು ಮಾತು ಕೇಳಿ. ಬಾಡಿಗೆ ಮನೆ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂತಿದಾರೆ."

ಹೆಂಡತಿ ಬಾಗಿಲಲ್ಲಿ ನಿಂತು ತಮ್ಮನನ್ನೇ ನೋಡುತ್ತಿದ್ದಳು. ಗಂಡನಿಗೆ ಮೆಲ್ಲಗೆ, "ನಮ್ಮೆರಡು ಹೋದ್ರೆ ಹೋಗ್ಲಿ. ಅವನದೊಂದು ಉಳಿಸ್ಕೊಂಡು ಬನ್ನಿ. ಕೈ ಮುಗೀತೀನಿ," ಎಂದಳು.

ಆಫೀಸು ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಉದ್ದನೆಯ ಬೆಂಚು, ಗೋಡೆಗೆ ಆತು ಕೂತ ಜನ, ಕೈಯಲ್ಲಿ ನಂಬರಿನ ಚೀಟಿ. ಮೇಸ್ತ್ರಿಯ ಕಣ್ಣು ತಾನಾಗಿ ಕೆಳಗೆ ಹೋಯಿತು. ಕೆಟ್ಟ ಕೆಲಸ. ಒಂದು ಬಿಲ್ಲೆಯ ಅಂಚು ಇನ್ನೊಂದಕ್ಕಿಂತ ಮೇಲೆ, ಸಂದುಗಳು ಹಾವಿನ ಹಾಗೆ. ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿದ. ಟೊಳ್ಳು. ಪಕ್ಕದ್ದೂ ಟೊಳ್ಳು.

"ಯಾಕೆ, ಕಾಲು ಜೋಮು ಹಿಡೀತಾ?" ಎಂದರು ಪಕ್ಕದಲ್ಲಿ ಕೂತಿದ್ದ ಹೆಂಗಸು. ಅರವತ್ತರ ಮೇಲಿನ ವಯಸ್ಸು, ಒಗೆದು ಇಸ್ತ್ರಿ ಮಾಡಿದ ಹತ್ತಿಯ ಬಟ್ಟೆ. "ನಾನು ನರ್ಸಾಗಿದ್ದೆ, ನಿವೃತ್ತಿ ಆಯ್ತು. ಕಾಲು ನೀಡಿ ಕೂತ್ಕೊಳ್ಳಿ, ಸರಿಹೋಗತ್ತೆ."

"ಹಾಗೇನಿಲ್ಲಮ್ಮ."

"ನಿಮ್ಮದು ಎಷ್ಟನೇ ಮಹಡಿ?"

"ಮೂರು," ಎಂದ ಮೇಸ್ತ್ರಿ.

"ಅಯ್ಯೋ, ನಂದೂ ಮೂರೇ! ಹಾಗಾದ್ರೆ ನೆರೆಯವರಾಗ್ತಿದ್ವಿ ನೋಡಿ." ಅವರು ಚೀಲದಿಂದ ಮೊಬೈಲು ತೆಗೆದರು. "ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಅದಕ್ಕೇ ಸುರಿದೆ. ಹತ್ತು ಮನೆ ನೋಡಿದ್ದೆ, ಒಂದೂ ಮನಸ್ಸಿಗೆ ಬರಲಿಲ್ಲ. ಇದರ ನೆಲ ನೋಡಿ ಒಪ್ಪಿಬಿಟ್ಟೆ. ಇಷ್ಟು ಶ್ರದ್ಧೆಯಿಂದ ನೆಲ ಹಾಕಿದೋರು ಗೋಡೆ ಕೆಟ್ಟದಾಗಿ ಕಟ್ಟಿರ್ತಾರಾ ಅಂದ್ಕೊಂಡೆ."

ಮೊಬೈಲಿನ ಫೋಟೊದಲ್ಲಿ ಅವರು ನಿಂತಿದ್ದರು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ನಾಚಿಕೊಂಡು ನಗುತ್ತ. ಕಾಲ ಕೆಳಗೆ ಹಾಲುಬಣ್ಣದ ನೆಲ. ಕಿಟಕಿಯ ಕೆಳಗಿನಿಂದ ಹರಿದು ಬಂದ ಕೆಂಪು ಪಟ್ಟಿ. ಹೊಸ್ತಿಲ ಬಳಿ ಎಲೆ.

ಮೇಸ್ತ್ರಿ ಬಹಳ ಹೊತ್ತು ನೋಡಿದ. "ಯಾವಾಗ ತೆಗೆದಿದ್ದಮ್ಮ ಇದು?"

"ಕಂಪನಿ ಮುಚ್ಚೋಕೆ ಹದಿನೈದು ದಿನ ಮುಂಚೆ. ಚೆನ್ನಾಗಿದೆ ಅಲ್ವಾ? ಯಾರು ಮಾಡಿದ್ರೋ, ಪುಣ್ಯಾತ್ಮ."

ಅವನ ನಂಬರು ಕೂಗಿದರು.

ಅಧಿಕಾರಿ ಎಳೆಯ ಹೆಣ್ಣುಮಗಳು, ಕನ್ನಡಕ, ಸೌಮ್ಯ ಮುಖ. ಅವನು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು, ಸುಕ್ಕು ಸವರಿ, ಅವಳ ಮುಂದೆ ಇಟ್ಟ. ಅವಳು ಓದಿದಳು. ಮತ್ತೆ ಓದಿದಳು. ಎರಡು ಕಾಗದ ಆರಿಸಿ ಜೋಡಿಯಾಗಿಟ್ಟಳು.

"ಎರಡರಲ್ಲೂ ಸಹಿ ನಿಮ್ಮದೇನಾ?"

"ಹೌದಮ್ಮ. ಒಂದೇ ದಿನ ಹಾಕಿದ್ದು. ಒಂದೇ ಪೆನ್ನು."

"ಈ ಒಂದರಲ್ಲಿ ನಿಮ್ಮ ಕೂಲಿ ಪೂರ್ತಿ ಮುಟ್ಟಿದೆ, ಬಾಕಿ ಏನೂ ಇಲ್ಲ ಅಂತ ಬರ್ಕೊಟ್ಟಿದ್ದೀರಿ."

"ಮನೆ ಕೊಟ್ರಲ್ಲ ಬದಲಿಗೆ. ಹಾಗೆ ಬರೆದ್ರೇ ಮನೆ ಕಾಗದ ಕೊಡೋದು ಅಂದ್ರು."

"ಇನ್ನೊಂದರಲ್ಲಿ ಮೂರು ಮನೆಯ ಹಣ ನೀವು ಪೂರ್ತಿ ಕಟ್ಟಿದ್ದೀರಿ ಅಂತಿದೆ. ಎಲ್ಲಿ ಕಟ್ಟಿದ್ರಿ? ಬ್ಯಾಂಕಿನ ಚೀಟಿ ಏನಾದ್ರೂ?"

"ದುಡ್ಡಲ್ಲಮ್ಮ. ಕೆಲಸ ಕಟ್ಟಿದ್ದು." ಅವನು ತನ್ನ ಎರಡು ಕೈ ಮೇಜಿನ ಮೇಲಿಟ್ಟ, ಅವೂ ಒಂದು ದಾಖಲೆ ಎಂಬಂತೆ. "ಹನ್ನೊಂದು ತಿಂಗಳು. ಐದು ಮಹಡಿ ನೆಲ. ಹೋಗಿ ನೋಡಿ ಬೇಕಾದ್ರೆ."

ಅವಳು ಕನ್ನಡಕ ತೆಗೆದಳು. "ನೋಡಿ, ಕೂಲಿ ಬಾಕಿ ಇರೋರಿಗೆ ಮುಂದಿನ ಸಾಲು. ನಿಮಗೆ ಬಾಕಿ ಇಲ್ಲ ಅಂತ ನೀವೇ ಹೇಳಿದೀರಿ. ಮನೆಗೆ ದುಡ್ಡು ಕೊಟ್ಟೋರಿಗೆ ಅದರ ಹಿಂದಿನ ಸಾಲು. ನೀವು ದುಡ್ಡು ಕೊಟ್ಟಿಲ್ಲ. ನಿಮ್ಮನ್ನ ನಾನು ಯಾವ ಸಾಲಲ್ಲಿ ನಿಲ್ಲಿಸ್ಲಿ?"

ಮೇಸ್ತ್ರಿ ಮೇಜಿನ ಮೇಲಿಂದ ಕೈ ತೆಗೆದ. ಆಮೇಲೆ, "ನನ್ನ ಎರಡು ಬಿಡಿಯಮ್ಮ. ಮುನ್ನೂರ ನಾಲ್ಕು ನಂದಲ್ಲ, ನನ್ನ ಮೈದುನಂದು. ಅವನು ನಿಜವಾಗ್ಲೂ ದುಡ್ಡು ಕೊಟ್ಟಿದಾನೆ. ಇದ್ದ ಒಂದು ಮನೆ ಮಾರಿ."

"ಯಾರಿಗೆ ಕೊಟ್ರು?"

"ನನಗೆ."

"ಅವರ ಹೆಸರಲ್ಲಿ ಒಂದು ಚೂರು ಕಾಗದ?"

ಬಿಲ್ಡರು ಮೇಸ್ತ್ರಿಗಳ ಹೆಸರಿಗೆ ಮಾತ್ರ ಬರೆದುಕೊಡುತ್ತಿದ್ದ. ಬೀಗದ ಕೈ ಸಿಕ್ಕಮೇಲೆ ನಿನ್ನ ಹೆಸರಿಗೆ ಮಾಡಿಸಿದರಾಯಿತು ಎಂದು ಮೇಸ್ತ್ರಿ ಮೈದುನನಿಗೆ ಹೇಳಿದ್ದ. ಆಗಲಿ ಭಾವ ಎಂದು ಅವನು ಅಂದಿದ್ದ. ಭಾವ ಮೈದುನರ ನಡುವೆ ಕಾಗದ ಯಾರು ಮಾಡುತ್ತಾರೆ? ಕೇಳಿದ್ದರೆ ಅವಮಾನವಾಗುತ್ತಿತ್ತು, ಕೊಟ್ಟಿದ್ದರೂ ಅವಮಾನವೇ.

"ಮುನ್ನೂರ ನಾಲ್ಕನ್ನ ಬಿಲ್ಡರು ಇನ್ನೂ ಇಬ್ಬರಿಗೆ ಮಾರಿದಾರೆ," ಎಂದಳು ಅವಳು ಪಟ್ಟಿ ನೋಡುತ್ತ. "ಇಬ್ಬರೂ ಬ್ಯಾಂಕಿನಲ್ಲೇ ಹಣ ಕಟ್ಟಿದಾರೆ. ಒಬ್ಬರು ಹೊರಗೆ ಕೂತಿರ್ಬೇಕು, ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು." ಆಮೇಲೆ ದನಿ ತಗ್ಗಿಸಿ, "ಇನ್ನೊಂದು. ಮಾದರಿ ಮನೆಯನ್ನ ಈ ಶುಕ್ರವಾರ ಖಾಲಿ ಮಾಡಿಕೊಡಬೇಕು. ಅದರಲ್ಲಿರೋ ಸಾಮಾನೆಲ್ಲ ಹರಾಜಿಗಿದೆ. ಮಂಚ, ಮೇಜು, ಹಣ್ಣಿನ ಬುಟ್ಟಿ ಸಮೇತ ಪಟ್ಟಿಯಾಗಿದೆ. ಏನೂ ಮುಟ್ಟಬೇಡಿ."

"ಹಣ್ಣು ಪ್ಲಾಸ್ಟಿಕ್ಕಿನದಮ್ಮ," ಎಂದ ಮೇಸ್ತ್ರಿ. ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ.

ಹೊರಗೆ ಬಂದಾಗ ನರ್ಸಮ್ಮ ಕತ್ತೆತ್ತಿ, "ಏನಾದ್ರೂ ಕೊಡ್ತಾರಂತಾ?" ಎಂದರು. ಅವರ ಬೆರಳು ಇನ್ನೂ ಮೊಬೈಲಿನ ಮೇಲಿತ್ತು. "ನಿಮಗೆ ಕೊಡ್ತಾರಮ್ಮ," ಎಂದು ಹೇಳಿ ಅವನು ಮೆಟ್ಟಿಲಿಳಿದ. ಅವರ ಮೇಲೆ ಸಿಟ್ಟು ಬರಲೆಂದು ಕಾದ. ಬರಲಿಲ್ಲ. ಆ ನೆಲ ಅಷ್ಟು ಚೆನ್ನಾಗಿ ಬರದೇ ಇದ್ದಿದ್ದರೆ ಅವರ ದುಡ್ಡಾದರೂ ಉಳಿಯುತ್ತಿತ್ತು.

ಬಸ್ಸಿನಲ್ಲಿ ಅವನು ಮೈದುನನಿಗೆ ಹೇಳಬೇಕಾದ ಮಾತನ್ನು ಹೊಂದಿಸಿ ನೋಡಿದ. ಮೊದಲು ಹೀಗೆ, ಆಮೇಲೆ ಹಾಗೆ. ಒಂದೂ ಪಕ್ಕದ್ದಕ್ಕೆ ಕೂರಲಿಲ್ಲ.

ಗೇಟಿನ ಒಳಗೆ ಕಾಲಿಟ್ಟಾಗ ತಗಡು ಸುಮ್ಮನಿತ್ತು, ಗಾಳಿ ಬಿದ್ದುಹೋಗಿತ್ತು. ಬದಲಿಗೆ ಮೇಲಿನಿಂದ ಬೇರೊಂದು ಸದ್ದು. ಟಕ್. ಟಕ್. ಟಕ್. ಹೆಂಡತಿ ಬಾಗಿಲಿಗೆ ಬಂದು ಅವನ ಮುಖ ನೋಡಿದಳು. ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟು, "ಮೇಲಿದಾನೆ, ಬೆಳಿಗ್ಗೆಯಿಂದ," ಎಂದಷ್ಟೇ ಹೇಳಿ ಒಳಗೆ ಹೋದಳು.

ಕೈಹಿಡಿಯುವ ಕಂಬಿಯಿಲ್ಲದ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದ. ಮುನ್ನೂರ ನಾಲ್ಕಕ್ಕೆ ಬಾಗಿಲು ಕೂರಿಸಿರಲಿಲ್ಲ. ಒಳಗೆ ಮೈದುನ ಪಾರಿವಾಳದ ಹಿಕ್ಕೆಯನ್ನೆಲ್ಲ ಕೆರೆದು, ಇಡೀ ನೆಲ ಒರೆಸಿದ್ದ. ನಡುಮನೆಯಲ್ಲಿ ಮೊಣಕಾಲೂರಿ, ಕರಣೆಯ ಹಿಡಿಯಿಂದ ಬಡಿಯುತ್ತಿದ್ದ.

"ಬಂದ್ರಾ ಭಾವ? ಇಲ್ಲಿ ಕೇಳಿ. ಕಿಟಕಿಗೆ ಬಾಗಿಲಿಲ್ಲದೆ ಎರಡು ಮಳೆಗಾಲ ನೀರು ಹೊಡೆದು ನಾಲ್ಕು ಬಿಲ್ಲೆ ಎದ್ದಿದೆ. ಮೂರು ತೆಗೆದು ಕೂರಿಸಿದೆ. ಇದೊಂದು ಬಾಕಿ."

ಪಕ್ಕದ ಬಾಣಲೆಯಲ್ಲಿ ಕಲಸಿದ ಗಾರೆ. ಸಿಮೆಂಟು ಅವನೇ ಕೊಂಡು ತಂದಿರಬೇಕು. ಒಂದು ದಿನದ ಕೂಲಿ ಬಿಟ್ಟವನು. ಮೇಸ್ತ್ರಿ ಕವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊಣಕಾಲೂರಿ ಕೂತ. ಕೈ ನೀಡಿದ. ಮೈದುನ ಕರಣೆ ಕೊಟ್ಟ. ಇಪ್ಪತ್ತಾರು ವರ್ಷ ಹೀಗೆಯೇ, ಮಾತಿಲ್ಲದೆ. ಮೇಸ್ತ್ರಿ ಗಾರೆ ಹರಡಿದ, ಗೆರೆ ಎಳೆದ, ಬಿಲ್ಲೆ ಇಟ್ಟು ಅಂಗೈಯಿಂದ ಅದುಮಿದ. ಮೈದುನ ರಸಮಟ್ಟ ಇಟ್ಟು ಸಮವಾಗಿದೆಯೇ ಎಂದು ನೋಡಿದ. ಅದರ ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು.

"ಕೂತ್ಕೊಳ್ತು," ಎಂದ ಮೈದುನ. ಒದ್ದೆ ಬಟ್ಟೆಯಿಂದ ಅಂಚು ಒರೆಸುತ್ತ, ತಲೆಯೆತ್ತದೆ ಕೇಳಿದ, "ಏನಂದ್ರು ಭಾವ? ಬೀಗದ ಕೈ ಯಾವತ್ತಂತೆ?"

ಮೇಸ್ತ್ರಿ ಕೈಗಂಟಿದ ಗಾರೆಯನ್ನು ಉಜ್ಜಿದ. ಉಜ್ಜುತ್ತಲೇ ಇದ್ದ. ಕೆಂಪು ಪಟ್ಟಿ ಕಿಟಕಿಯ ಕೆಳಗಿನಿಂದ ಹರಿದು ಬಾಗಿಲವರೆಗೂ ಹೋಗಿತ್ತು. ಒಂದು ಚೂರೂ ಕದಲಿರಲಿಲ್ಲ.

"ಅಲ್ಲಿ ಒಬ್ರು ನರ್ಸಮ್ಮ ಸಿಕ್ಕಿದ್ರು ಕಣೋ," ಎಂದ. "ವಯಸ್ಸಾದೋರು. ನಿನ್ನ ಈ ಪಟ್ಟಿ ನೋಡಿ ಅವರು…"

ಮೈದುನ ತಲೆಯೆತ್ತಿದ. ಮುಖದ ತುಂಬ ಇಷ್ಟಗಲ ನಗು. "ಯಾರು? ಎಲ್ಲಿ ನೋಡಿದ್ರಂತೆ?"

"ಅವರು ಇದನ್ನ ನೋಡೇ…" ಮೇಸ್ತ್ರಿ ಒಂದು ಕೈ ನೆಲಕ್ಕೂರಿ ಎದ್ದ. ಕವರನ್ನು ಕಟ್ಟೆಯ ಮೇಲೆಯೇ ಬಿಟ್ಟು ಬಾಗಿಲ ಕಡೆ ನಡೆದ.

"ಭಾವ, ಆ ಕಡೆ ತುಳೀಬೇಡಿ, ಇನ್ನೂ ಹಸಿ!"

ಮೇಸ್ತ್ರಿ ಹಸಿ ಬಿಲ್ಲೆಗಳನ್ನು ಬಳಸಿ, ಗೋಡೆಯ ಅಂಚಿಗೆ ಕಾಲಿಡುತ್ತ, ಹೊಸ್ತಿಲ ಎಲೆಯನ್ನು ದಾಟಿದ. "ಶ್ರದ್ಧೆಯಿಂದ ಹಾಕಿದಾರೆ ಅಂದ್ರು, ಅದಕ್ಕೇ ಅವರು," ಎನ್ನುತ್ತ ಮೆಟ್ಟಿಲಿಳಿದು ಹೋದ, "ಅದಕ್ಕೇ ಅವರು ಇದ್ದಬದ್ದ ದುಡ್ಡನ್ನೆಲ್ಲ…"